ಪಡುಕೆರೆಯಿಂದ ಗಟ್ಟದ ಮೇಲಕ್ಕೆ: ಕಾಪು, ಕುಂದಾಪುರ, ಬಾಳೆಬರೆ, ಆಗುಂಬೆ ಸೈಕಲ್ ಸುತ್ತು

ಕರಾವಳಿಯಲ್ಲಿ ದೂರದ ಸೈಕಲ್ ಪ್ರಯಾಣಕ್ಕೆ ಹೊರಡುವವರು ಸಾಮಾನ್ಯವಾಗಿ ಮೊದಲು ಹಿಡಿಯುವುದು ರಾಷ್ಟ್ರೀಯ ಹೆದ್ದಾರಿ 66ನ್ನು. ಪನ್ವೇಲ್‌ನಿಂದ ಕನ್ಯಾಕುಮಾರಿಯವರೆಗೆ ಸಾಗುವ, ಊರಿನ ಹಿರಿಯರು ಇಂದಿಗೂ ‘ಹದಿನೇಳು’ ಎಂದೇ ಕರೆಯುವ ಈ ರಸ್ತೆ ಚತುಷ್ಪಥವಾದ ಮೇಲೆ ನುಣುಪಾಗಿದೆ, ಅಗಲವಾಗಿದೆ, ದಾರಿ ತಪ್ಪುವ ಭಯವೂ ಇಲ್ಲ. ಆದರೆ ಅದರ ಮೇಲೆ ಸಾಗುವ ಸೈಕಲ್ ಸವಾರನಿಗೆ ಸಮುದ್ರ ಕಾಣುವುದು ಬಲು ಅಪರೂಪ. ಎಡ ಅಂಚಿನಲ್ಲಿ ಎದುರಿನಿಂದ ಬರುವ ಸ್ಕೂಟರುಗಳು, ಬಲ ಮಗ್ಗುಲಿಗೆ ಗಾಳಿಯ ಹೊಡೆತ ಕೊಟ್ಟು ಹೋಗುವ ಲಾರಿಗಳು, ನೆರಳಿಲ್ಲದ ಡಾಂಬರು, ಇವಿಷ್ಟೇ ದಿನವಿಡೀ ಜೊತೆಗಿರುತ್ತವೆ. 200 ಕಿ.ಮೀ.ಯನ್ನು 13 ಗಂಟೆ 30 ನಿಮಿಷಗಳೊಳಗೆ ಮುಗಿಸಬೇಕಾದ ಬ್ರೆವೆ ಸವಾರಿಗಳಿಗೆ ಹೆದ್ದಾರಿ ಒಗ್ಗುತ್ತದೆ. ನಾನೂ ಹಾಗೆ ತುಳಿದವನೇ. ಆದರೆ ಆ ಸವಾರಿಗಳಲ್ಲಿ ನಾನು ನೋಡಿದ್ದು ಗಡಿಯಾರವನ್ನೇ ಹೊರತು ಕರಾವಳಿಯನ್ನಲ್ಲ.

ಆದ್ದರಿಂದ ಈ ಸಲ ನಾನು ಮತ್ತು ನನ್ನ ಗೆಳೆಯ ಹೆದ್ದಾರಿಯನ್ನು ಸಾಧ್ಯವಾದಷ್ಟು ಬಿಟ್ಟು, ಕಾಪುವಿನಿಂದ ಕುಂದಾಪುರದವರೆಗೆ ಮೀನುಗಾರರ ಕೇರಿಗಳ ನಡುವಿನ ಪಡುಕೆರೆ, ಅಂದರೆ ಕಡಲ ದಂಡೆಯ, ರಸ್ತೆಗಳಲ್ಲಿ ಸಾಗಿ, ಅಲ್ಲಿಂದ ಪೂರ್ವಕ್ಕೆ ತಿರುಗಿ ಬಾಳೆಬರೆ ಘಾಟಿಯನ್ನು ಹತ್ತಿ, ತೀರ್ಥಹಳ್ಳಿಯ ಮೇಲೆ ಹಾದು, ಆಗುಂಬೆ ಘಾಟಿಯಲ್ಲಿ ಇಳಿದು ಉಡುಪಿಗೆ ಮರಳುವ ಒಂದು ಸುತ್ತನ್ನು ಹಾಕಿಕೊಂಡೆವು. ಒಟ್ಟು ಸುಮಾರು 250 ಕಿ.ಮೀ. ಕಡಲಿನಿಂದ ಗಟ್ಟದ ಬುಡಕ್ಕೆ ಐವತ್ತು ಕಿ.ಮೀ. ಆಸುಪಾಸು ಮಾತ್ರ ಇರುವ ಈ ಕಿರಿದಾದ ಪಟ್ಟಿಯಲ್ಲಿ, ಅಲೆಯ ಮಟ್ಟದಿಂದ ಮಳೆಕಾಡಿನ ನೆತ್ತಿಯವರೆಗಿನ ಎಲ್ಲವನ್ನೂ ಅವಸರವಿಲ್ಲದೆ ನೋಡಿಕೊಂಡು ಬರಬಹುದು.

ಇಂಥ ಸುತ್ತನ್ನು ಯಾವ ದಿಕ್ಕಿನಿಂದ ತುಳಿಯಬೇಕು ಎಂಬುದೇ ಎಲ್ಲಕ್ಕಿಂತ ಮುಖ್ಯವಾದ ನಿರ್ಧಾರ, ಮತ್ತು ಅದನ್ನು ನೋಟಗಳನ್ನು ನೆನೆದು ಮಾಡಬಾರದು, ಗಾಳಿ ಮತ್ತು ಲಾರಿಗಳನ್ನು ನೆನೆದು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಚಳಿಗಾಲದ ತಿಂಗಳುಗಳಲ್ಲಿ ನಮ್ಮ ಕರಾವಳಿಯಲ್ಲಿ ಬೆಳಗಿನ ಜಾವ ನೆಲದಿಂದ ಕಡಲಿನ ಕಡೆಗೆ ತೆಳುಗಾಳಿ ಬೀಸುತ್ತದೆ. ನೆಲ ಕಾದ ಮೇಲೆ ಅದು ತಿರುಗಿ ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಬಲವಾದ ಕಡಲಗಾಳಿ ಏಳುತ್ತದೆ. ಹಾಗಾಗಿ ಉತ್ತರಕ್ಕೆ ಹೋಗುವವರು ಹನ್ನೊಂದು ಗಂಟೆಯೊಳಗೆ ತಮ್ಮ ಪಾಲಿನ ಬಹುಭಾಗವನ್ನು ಮುಗಿಸಿರಬೇಕು. ಇನ್ನು ಘಾಟಿಗಳ ವಿಚಾರ. ಆಗುಂಬೆಯ ತಿರುವುಗಳಲ್ಲಿ ಭಾರೀ ವಾಹನಗಳಿಗೆ ನಿಷೇಧವಿದೆ. ಆ ಭಾರವೆಲ್ಲ ಬೇರೆ ಘಾಟಿಗಳ ಮೇಲೆ ಬೀಳುತ್ತದೆ, ಬಾಳೆಬರೆಯೂ ಅವುಗಳಲ್ಲಿ ಒಂದು. ಏರುವಾಗ ನಮ್ಮನ್ನು ಹಿಂದಿಕ್ಕುವ ಲಾರಿಯೂ ನಿಧಾನವಾಗಿಯೇ ಉಬ್ಬಸ ಬಿಡುತ್ತಿರುತ್ತದೆ, ನಾವು ಪಕ್ಕಕ್ಕೆ ಸರಿಯಲು ಸಮಯ ಸಿಗುತ್ತದೆ. ಇಳಿಯುವಾಗ ಬೆನ್ನ ಹಿಂದೆ ಹೇರು ತುಂಬಿದ ಲಾರಿಯೊಂದು ಬ್ರೇಕಿನ ಕಮಟು ವಾಸನೆ ಹರಡುತ್ತ ಬರುವುದು ಬೇರೆಯೇ ಅನುಭವ. ಆದ್ದರಿಂದ ಲಾರಿಗಳಿರುವ ಘಾಟಿಯಲ್ಲಿ ಹತ್ತಬೇಕು, ಲಾರಿಗಳಿಲ್ಲದ ಘಾಟಿಯಲ್ಲಿ ಇಳಿಯಬೇಕು. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಹತ್ತಿದೆವು ಎಂದು ಹೇಳಿಕೊಳ್ಳುವ ಖುಷಿಗಾಗಿ ಬಹಳ ಸವಾರರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಅವರ ಮೊಣಕಾಲು, ಅವರ ಇಷ್ಟ.

ಮೊಣಕಾಲಿನ ಮಾತು ಬಂದದ್ದರಿಂದ ಗೇರಿನ ಲೆಕ್ಕವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪೆಡಲಿನ ಬಳಿಯ ಹಲ್ಲುಗಾಲಿಯಾದ ಚೈನ್‌ರಿಂಗ್‌ನಲ್ಲಿ 34 ಹಲ್ಲು, ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲಾದ ಕ್ಯಾಸೆಟ್‌ನ ದೊಡ್ಡ ಗಾಲಿಯಲ್ಲೂ 34 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ಬಂದಾಗ ಚಕ್ರವೂ ಒಂದು ಸುತ್ತು ಬರುತ್ತದೆ, ಅಂದರೆ ಸುಮಾರು 2.1 ಮೀಟರ್ ಮುಂದೆ ಹೋಗುತ್ತೇವೆ. ನಿಮಿಷಕ್ಕೆ 70 ಸುತ್ತಿನಂತೆ ತುಳಿದರೆ ಗಂಟೆಗೆ ಒಂಬತ್ತು ಕಿ.ಮೀ.ಗೆ ತುಸು ಕಡಿಮೆ ವೇಗ ಬರುತ್ತದೆ. ಸಾಮಾನ್ಯ ಸವಾರನೊಬ್ಬ ಘಾಟಿಯ ಕಡಿದಾದ ಭಾಗದಲ್ಲಿ ಕಾಯ್ದುಕೊಳ್ಳಬಲ್ಲ ವೇಗ ಇದೇ. ಹಳೆಯ ರೇಸಿಂಗ್ ಸೈಕಲ್ಲುಗಳಲ್ಲಿರುವ 39 ಮತ್ತು 25 ಹಲ್ಲುಗಳ ಜೋಡಿಯಲ್ಲಿ ಇದೇ ವೇಗಕ್ಕೆ ಪೆಡಲ್ ನಿಮಿಷಕ್ಕೆ 45 ಸುತ್ತು ಮಾತ್ರ ತಿರುಗುತ್ತದೆ. ಅಂದರೆ ಪ್ರತಿ ತುಳಿತವೂ ಅಷ್ಟು ಭಾರ, ಅಷ್ಟು ಹೊರೆ ಮೊಣಕಾಲಿನ ಮೇಲೆ. ಆದ್ದರಿಂದ ಹೊರಡುವ ಮೊದಲೇ ನನ್ನ ರೋಡ್ ಬೈಕಿನ ಕ್ಯಾಸೆಟ್ ಬದಲಾಯಿಸಿ, ಅದಕ್ಕೆ ತಕ್ಕ ಉದ್ದನೆಯ ತೋಳಿನ ಡಿರೇಲರ್ (ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಭಾಗ) ಹಾಕಿಸಿಕೊಂಡಿದ್ದೆ. ಟೈರುಗಳು 28 ಮಿ.ಮೀ. ಅಗಲದವು. ಪಡುಕೆರೆಯ ರಸ್ತೆಗಳ ಮೇಲೆ ಅಲ್ಲಲ್ಲಿ ಮರಳು ಬಂದು ಕೂತಿರುವುದರಿಂದ ಇದಕ್ಕಿಂತ ಸಪೂರವಾದ ಟೈರು ಬೇಡ.

ಕಾಪುವಿನ ದೀಪಸ್ತಂಭ 1901ರದ್ದು. ಅದರ ಬುಡದ ಬಂಡೆಯಿಂದ ನಾವು ಹೊರಟಾಗ ಇನ್ನೂ ಬೆಳಕು ಪೂರ್ತಿ ಹರಿದಿರಲಿಲ್ಲ. ಅಲ್ಲಿಂದ ಮಟ್ಟುವಿನವರೆಗಿನ ರಸ್ತೆಯೇ ಈ ಇಡೀ ಸುತ್ತಿನ ಅತ್ಯುತ್ತಮ ಭಾಗ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಎಡಕ್ಕೆ ತೆಂಗಿನ ಸಾಲು ದಾಟಿದರೆ ಸಮುದ್ರ, ಬಲಕ್ಕೆ ಹಿನ್ನೀರು, ನಡುವೆ ಒಂದು ಕಾರು ಎದುರಾದರೆ ನಾವು ಮಣ್ಣಿಗಿಳಿಯಬೇಕಾದಷ್ಟು ಕಿರಿದಾದ ರಸ್ತೆ. ಕಾರೇ ಅಪರೂಪವಾದ್ದರಿಂದ ಆ ತೊಂದರೆಯೂ ಕಡಿಮೆ. ಮಟ್ಟುವಿನ ಗದ್ದೆಗಳಲ್ಲಿ ಭತ್ತದ ಕೊಯ್ಲಿನ ನಂತರ ಗುಳ್ಳದ ಗಿಡಗಳು ಎದ್ದಿದ್ದವು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ, ವಾದಿರಾಜರ ಹೆಸರಿನೊಂದಿಗೆ ಜನ ನೆನೆಯುವ ಈ ಉರುಟು ಹಸಿರು ಬದನೆಗೆ ಉಪ್ಪುಗಾಳಿ ಬೀಸುವ ಈ ಮಣ್ಣೇ ಬೇಕು. ಗಿಡಗಳಿಗೆ ನೀರು ಹಾಯಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಹೆಲ್ಮೆಟ್ ನೋಡಿ ನಕ್ಕದ್ದು ಬಿಟ್ಟರೆ ಸೇತುವೆ ದಾಟುವವರೆಗೆ ಯಾರೂ ಎದುರಾಗಲಿಲ್ಲ.

ಮಲ್ಪೆಯನ್ನು ಹಾಯುವಾಗ ಮಾತ್ರ ಎಚ್ಚರ ಬೇಕು. ಬಂದರಿನಿಂದ ಹೊರಡುವ ಮೀನಿನ ಲಾರಿಗಳಿಂದ ಮಂಜುಗಡ್ಡೆ ಕರಗಿದ ಉಪ್ಪುನೀರು ಸೋರುತ್ತ ಹೋಗಿರುತ್ತದೆ. ಮೀನಿನ ಜಿಡ್ಡು ಬೆರೆತ ಆ ನೀರು ಒಣಗುವ ಮೊದಲು ರಸ್ತೆ ಜಾರುತ್ತದೆ, ತಿರುವಿನಲ್ಲಿ ಸೈಕಲ್ ವಾಲಿಸಿದರೆ ನೆಲ ಸಿಕ್ಕಿತೆಂದೇ ಲೆಕ್ಕ. ಬಂದರು ದಾಟಿ ಹೂಡೆಯ ಮೇಲೆ ಕೋಡಿ ಬೆಂಗ್ರೆಗೆ ಹೋಗುವ ದಾರಿಯಲ್ಲಿ ನೆಲ ಸಪೂರವಾಗುತ್ತ ಹೋಗುತ್ತದೆ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸ್ವರ್ಣಾ ನದಿ, ಎರಡರ ನಡುವೆ ರಸ್ತೆ ಮತ್ತು ಒಂದೆರಡು ಸಾಲು ಮನೆಗಳು. ತುದಿಯಲ್ಲಿ ಸೀತಾ ನದಿಯೂ ಬಂದು ಸೇರಿ, ಎರಡೂ ಒಂದೇ ಅಳಿವೆಯಲ್ಲಿ ಕಡಲಿಗೆ ಬೀಳುತ್ತವೆ.

ಇಲ್ಲಿಂದ ಹಂಗಾರಕಟ್ಟೆಗೆ ದೋಣಿಯಲ್ಲಿ ದಾಟಬೇಕು. ದೋಣಿಯ ವೇಳೆಯನ್ನು ಮೊದಲೇ ಊರಿನವರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ದೋಣಿ ಇಲ್ಲದಿದ್ದರೆ ಕೆಮ್ಮಣ್ಣಿನವರೆಗೆ ಹಿಂದಿರುಗಿ ಹೆದ್ದಾರಿ ಹಿಡಿದು ಬ್ರಹ್ಮಾವರದ ಮೇಲೆ ಸುತ್ತಬೇಕಾಗುತ್ತದೆ. ಸೈಕಲ್ಲನ್ನು ದೋಣಿಯಲ್ಲಿ ಮಲಗಿಸಲು ಹೊರಟ ಗೆಳೆಯನಿಗೆ ದೋಣಿಯವರು, “ಅಡ್ಡ ಮಲಗ್ಸ್‌ಬೇಡಿ ಮಾರಾಯ್ರೆ, ಕೈಯಲ್ಲೇ ಹಿಡ್ಕೊಳ್ಳಿ” ಎಂದರು. ಡಿರೇಲರ್ ಮೇಲೆ ಭಾರ ಬಿದ್ದು ಬಾಗಿದರೆ ಅದನ್ನು ಸರಿಪಡಿಸುವ ಅಂಗಡಿ ಉಡುಪಿ, ಮಣಿಪಾಲಗಳಿಂದೀಚೆಗೆ ಸಿಗುವುದು ಕಷ್ಟವಾದ್ದರಿಂದ ಆ ಮಾತು ಅವರಿಗಿಂತ ನಮಗೇ ಹೆಚ್ಚು ಲಾಭದ್ದಾಗಿತ್ತು.

ಹಂಗಾರಕಟ್ಟೆಯಿಂದ ಕೋಟದ ಪಡುಕೆರೆ, ಮಣೂರು ಪಡುಕೆರೆಗಳ ಮೂಲಕ ಸಾಗುವ ಒಳರಸ್ತೆಗಳು ಒಂದಕ್ಕೊಂದು ನೇರವಾಗಿ ಕೂಡಿಕೊಳ್ಳುವುದಿಲ್ಲ. ನಕ್ಷೆಯಲ್ಲಿ ಗೆರೆಯಾಗಿ ಕಾಣುವ ದಾರಿ ಕೆಲವೆಡೆ ಬಲೆ ಒಣಗಿಸುವ ಅಂಗಳದಲ್ಲಿ ಮುಗಿದುಬಿಡುತ್ತದೆ. ಆಗ ಪೂರ್ವಕ್ಕೆ ಒಂದು ಕಿ.ಮೀ. ಬಂದು ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಮತ್ತೆ ಪಶ್ಚಿಮಕ್ಕೆ ಇಳಿಯಬೇಕು. ಈ ಒಳಹೊರಗಿನ ಓಡಾಟದಿಂದ ದೂರ ಹೆಚ್ಚುತ್ತದೆ, ಸರಾಸರಿ ವೇಗ ಕುಸಿಯುತ್ತದೆ. ಹೆದ್ದಾರಿಯಲ್ಲೇ ಬಂದಿದ್ದರೆ ತಿಂಡಿಯ ಹೊತ್ತಿಗೇ ಕುಂದಾಪುರದಲ್ಲಿ ಇರುತ್ತಿದ್ದೆವು ಎಂದು ಗೆಳೆಯ ಗೊಣಗಿದ. ತಿಂಡಿ ಕೋಟದಲ್ಲೇ ಆಯಿತು, ಬನ್ಸ್ ಮತ್ತು ಗೋಳಿಬಜೆ. ಎಣ್ಣೆಯ ತಿಂಡಿ ಸೈಕಲ್ ಸವಾರಿಗೆ ಒಳ್ಳೆಯದಲ್ಲ ಎಂದು ಬಲ್ಲವರು ಹೇಳುತ್ತಾರೆ. ಅವರು ಈ ಕಡೆಯ ಹೋಟೆಲುಗಳಲ್ಲಿ ಕೂತು ಅದನ್ನು ಹೇಳಿ ನೋಡಲಿ.

ಕರಾವಳಿಯ ಸೆಖೆಯಲ್ಲಿ ಊಟಕ್ಕಿಂತ ನೀರು ಮತ್ತು ಉಪ್ಪಿನ ಲೆಕ್ಕವೇ ದೊಡ್ಡದು. ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಣಿಸುವುದೂ ಇಲ್ಲ. ದೇಹ ಇನ್ನಷ್ಟು ಬೆವರುತ್ತದೆ, ಅದರೊಂದಿಗೆ ಉಪ್ಪು ಹೋಗುತ್ತದೆ. ಬರೀ ನೀರು ಕುಡಿಯುತ್ತ ಹೋದರೆ ಮಧ್ಯಾಹ್ನದ ಹೊತ್ತಿಗೆ ಮೀನಖಂಡ ಹಿಡಿದುಕೊಳ್ಳುವ ಸಂಭವ ಹೆಚ್ಚು. ನಾನು ಒಂದು ಬಾಟಲಿಯಲ್ಲಿ ಸಾದಾ ನೀರು, ಇನ್ನೊಂದರಲ್ಲಿ ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲೇ ಓಆರ್‌ಎಸ್ ಬೆರೆಸಿ ಇಟ್ಟುಕೊಂಡಿದ್ದೆ. ಮಧ್ಯಾಹ್ನ ಕುಂದಾಪುರದಲ್ಲಿ ಸೈಕಲ್ ನಿಲ್ಲಿಸಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಕೇಳಿ ಉಂಡಾಗ ಮೈ ಹಿಡಿತಕ್ಕೆ ಬಂತು.

ಸಂಜೆ ಹೊರೆಯೆಲ್ಲ ಕೋಣೆಯಲ್ಲಿ ಬಿಟ್ಟು ಮರವಂತೆಗೆ ಹೋಗಿಬಂದೆವು. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ, ನಡುವೆ ರಸ್ತೆ ಎಂಬ ಆ ಪ್ರಸಿದ್ಧ ನೋಟ ಈಗಲೂ ಇದೆ. ಆದರೆ ಅದು ನಾಲ್ಕು ಪಥಗಳ ಮೇಲಿನ ನೋಟವಾಗಿದೆ. ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳು, ನಡುವಿನ ವಿಭಜಕ, ಸೆಲ್ಫಿಗಾಗಿ ಅಂಚಿನಲ್ಲಿ ನಿಂತ ಕಾರುಗಳು ಇವುಗಳ ಮಧ್ಯೆ ಸೈಕಲ್ ಸವಾರನ ಕಣ್ಣು ರಸ್ತೆಯ ಮೇಲೆಯೇ ಇರಬೇಕಾಗುತ್ತದೆ. ಕಾರಿನಲ್ಲಿ ಬರುವವರಿಗೆ ಮರವಂತೆ, ಸೈಕಲ್ಲಿನಲ್ಲಿ ಬರುವವರಿಗೆ ಮಟ್ಟು ಮತ್ತು ಬೆಂಗ್ರೆ ಎಂದು ನಾನು ಹಂಚಿಬಿಡುತ್ತೇನೆ. ಹೋಗುವಾಗ ವಾಯವ್ಯದ ಗಾಳಿಗೆ ಎದೆ ಕೊಟ್ಟು ಹ್ಯಾಂಡಲ್ಲಿನ ಕೆಳ ಹಿಡಿಕೆ ಹಿಡಿದು ಬಾಗಿ ತುಳಿದರೂ ವೇಗ ಹದಿನೆಂಟನ್ನು ದಾಟಲಿಲ್ಲ. ಬರುವಾಗ ಅದೇ ರಸ್ತೆಯಲ್ಲಿ, ಅದಕ್ಕಿಂತ ಕಡಿಮೆ ಶ್ರಮದಲ್ಲಿ, ಮೂವತ್ತರ ಹತ್ತಿರ ಬಂತು. ಹೊರಡುವ ಮುನ್ನ ಗಾಳಿಯ ವಿಚಾರವಾಗಿ ನಾನು ಹೇಳಿದ್ದನ್ನು ಗೆಳೆಯ ಒಪ್ಪಿದ್ದು ಆಗಲೇ.

ಘಾಟಿಯ ಸವಾರಿಗೆ ಕುಂದಾಪುರದಿಂದ ಕತ್ತಲಲ್ಲೇ, ಮುಂದೆ ಬಿಳಿ ದೀಪ ಹಿಂದೆ ಕೆಂಪು ದೀಪ ಹಚ್ಚಿಕೊಂಡು ಹೊರಡಬೇಕು. ಕಾರಣ ಸರಳ. ಗಟ್ಟದ ಗೋಡೆ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಸೂರ್ಯ ಅದರ ಬೆನ್ನ ಹಿಂದಿರುತ್ತಾನೆ. ಬಿಸಿಲು ಇಳಿಜಾರಿಗೆ ಬೀಳುವ ಮೊದಲು ಹತ್ತಿ ಮುಗಿಸಿದರೆ ಇಡೀ ಏರು ನೆರಳಿನಲ್ಲೇ ಕಳೆಯುತ್ತದೆ. ಬಸ್ರೂರು, ಕಂಡ್ಲೂರು, ಶಂಕರನಾರಾಯಣ, ಸಿದ್ದಾಪುರ ಎಂದು ಊರುಗಳು ಒಂದೊಂದಾಗಿ ಹಿಂದೆ ಸರಿದವು. ಗಟ್ಟದಿಂದ ಇಳಿದು ಬರುವ ತಣ್ಣನೆಯ ಗಾಳಿ ತುಸು ಎದುರಾಗಿತ್ತು, ರಸ್ತೆ ಅಡಿಕೆ ತೋಟಗಳ ನಡುವೆ ಏಳುತ್ತ ಬೀಳುತ್ತ ಸಾಗಿತ್ತು. ಸಿದ್ದಾಪುರದಲ್ಲಿ ಚಹಾ ಕೊಟ್ಟ ಅಂಗಡಿಯ ಅಮ್ಮ ನಮ್ಮ ದಾರಿ ಕೇಳಿ ತಿಳಿದು, “ಗಟ್ಟಕ್ ಸೈಕಲಂಗಾ? ಬಸ್ಸಿಗ್ ಹಾಯ್ಕಂಡ್ ಹೋಪ್ಕಾತಿಲ್ಯಾ ಮಾರಾಯ್ರೆ?” ಎಂದು ನಿಜವಾದ ಕನಿಕರದಿಂದ ಕೇಳಿದರು.

ಹೊಸಂಗಡಿಯಲ್ಲಿ ವಾರಾಹಿ ಯೋಜನೆಯ ಭೂಗರ್ಭ ವಿದ್ಯುದಾಗಾರವಿದೆ, ಅದರ ಸಾಮರ್ಥ್ಯ 460 ಮೆಗಾವಾಟ್. ಗಟ್ಟದ ಮೇಲಿನ ಮಾಣಿ ಜಲಾಶಯದ ಕಡೆಯಿಂದ ಬರುವ ನೀರು ಸುರಂಗಗಳಲ್ಲಿ ಇಳಿದು ಇಲ್ಲಿ ಟರ್ಬೈನುಗಳನ್ನು ತಿರುಗಿಸುತ್ತದೆ. ಆ ನೀರು ಬೀಳುವ ಎತ್ತರವನ್ನೇ ನಾವು ಹತ್ತಬೇಕಾಗಿತ್ತು. ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ. ಎಂದಿಟ್ಟುಕೊಂಡು 500 ಮೀಟರ್ ಏರಿಸಲು ಬೇಕಾದ ಶಕ್ತಿಯ ಲೆಕ್ಕ ಹಾಕಿದರೆ, ಗುರುತ್ವವೊಂದರ ವಿರುದ್ಧವೇ ನಿರಂತರ 150 ವಾಟ್‌ನಂತೆ ಮುಕ್ಕಾಲು ಗಂಟೆಯ ಹತ್ತಿರ ತುಳಿಯಬೇಕು. ಚಹಾ ಅಂಗಡಿಯ ಅಮ್ಮನಿಗೆ ಈ ಲೆಕ್ಕ ತಿಳಿಯದಿದ್ದರೂ ಅದರ ಸಾರ ತಿಳಿದಿತ್ತು.

ಬಾಳೆಬರೆಯ ಏರಿನಲ್ಲಿ ಮೊದಲ ಹತ್ತು ನಿಮಿಷವೇ ಕಷ್ಟದ್ದು, ಏಕೆಂದರೆ ಆಗ ಕಾಲಿನಲ್ಲಿ ಬಲವಿರುತ್ತದೆ. ಬಲವಿದ್ದಾಗ ಅದನ್ನು ಬಳಸದೇ ಇರುವುದು ಕಲಿಯಬೇಕಾದ ವಿದ್ಯೆ. ನಾನು ಮೊದಲ ತಿರುವಿನಲ್ಲೇ ಅತ್ಯಂತ ಹಗುರವಾದ ಗೇರಿಗೆ ಬಂದು, ಮಾತನಾಡಲು ಸಾಧ್ಯವಾಗುವಷ್ಟೇ ಉಸಿರಿನಲ್ಲಿ ಸಾಗಿದೆ. ತಿರುವುಗಳ ಒಳ ಅಂಚು ಬಹಳ ಕಡಿದು, ಹೊರ ಅಂಚು ಸಪಾಟು. ಎಡ ತಿರುವಿನಲ್ಲಿ ನಮ್ಮ ಪಾಲಿಗೆ ಒಳ ಅಂಚು ಬರುತ್ತದೆ. ಅಲ್ಲಿ ಎರಡು ಮೂರು ತುಳಿತಕ್ಕೆ ಎದ್ದು ನಿಂತು, ಮತ್ತೆ ಕೂತುಬಿಡಬೇಕು. ಕಾಡು ರಸ್ತೆಯ ಮೇಲೆ ಬಾಗಿದೆ, ಬಂಡೆಗಳಿಂದ ಚಳಿಗಾಲದಲ್ಲೂ ನೀರು ಜಿನುಗುತ್ತಿರುತ್ತದೆ. ಮಳೆಗಾಲದಲ್ಲಿ ಕಿತ್ತುಹೋಗಿ ತೇಪೆ ಹಾಕಿದ ಕಡೆಗಳಲ್ಲಿ ಜಲ್ಲಿ ಚೆದುರಿತ್ತು. ಬಸ್ಸುಗಳು ದೂರದಿಂದಲೇ ಹಾರನ್ ಹಾಕಿ ಸುಳಿವು ಕೊಡುತ್ತವೆ, ತಿರುವಿನ ಆಚೆಗಿನ ಹಾರನ್ ಕೇಳಿಸಿದೊಡನೆ ಅಂಚಿಗೆ ಸರಿದು ನಿಂತರೆ ಯಾರಿಗೂ ತೊಂದರೆಯಿಲ್ಲ. ಚಂಡಿಕಾಂಬಾ ದೇವಸ್ಥಾನದ ಎದುರು ಹೋಗುಬರುವ ವಾಹನಗಳು ನಿಂತು ಕೈಮುಗಿದು ಮುಂದುವರಿಯುವುದು ಇಲ್ಲಿನ ರೂಢಿ. ಎಂಜಿನ್ ಇದ್ದವರೇ ನಿಲ್ಲುವಾಗ ನಾವು ನಿಲ್ಲದಿರುವುದು ಹೇಗೆ? ಅಲ್ಲಿ ಬಾಳೆಹಣ್ಣು ತಿಂದು ನೀರು ಕುಡಿದೆವು. ಲಾರಿಯವರೊಬ್ಬರು ನಮ್ಮ ಸೈಕಲ್ಲಿನ ಟೈರನ್ನು ಒತ್ತಿ ನೋಡಿ, ಇಷ್ಟು ಗಟ್ಟಿ ಗಾಳಿ ತುಂಬಿದರೆ ಒಡೆಯುವುದಿಲ್ಲವೇ ಎಂದು ವಿಚಾರಿಸಿದರು.

ಹುಲಿಕಲ್ ಮುಟ್ಟಿದಾಗ ಹವೆಯೇ ಬೇರೆಯಾಗಿತ್ತು. ಎತ್ತರ ಒಂದು ಕಿ.ಮೀ. ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುವುದರಿಂದ ಇಲ್ಲಿ ವ್ಯತ್ಯಾಸ ನಾಲ್ಕು ಡಿಗ್ರಿಯಷ್ಟೇ. ಆದರೆ ಒದ್ದೆ ಅಂಗಿಯ ಮೇಲೆ ಅದು ಅದಕ್ಕಿಂತ ಹೆಚ್ಚೆನಿಸುತ್ತದೆ. ತೆಳುವಾದ ಗಾಳಿತಡೆ ಜಾಕೆಟ್ ಹಾಕಿಕೊಂಡು ಮಾಸ್ತಿಕಟ್ಟೆ, ಯಡೂರುಗಳ ಮೂಲಕ ತೀರ್ಥಹಳ್ಳಿಯತ್ತ ಸಾಗಿದೆವು. ಗಟ್ಟ ಹತ್ತಿದ ಮೇಲೆ ಸಪಾಟು ನೆಲ ಸಿಗುತ್ತದೆ ಎಂದು ನಂಬಿ ಬಂದವರಿಗೆ ಮಲೆನಾಡು ನಿರಾಸೆ ಮಾಡುತ್ತದೆ. ಇಲ್ಲಿ ಸಪಾಟು ಎಂಬುದೇ ಇಲ್ಲ, ಪ್ರತಿ ಹಳ್ಳಕ್ಕೂ ಇಳಿದು ಪ್ರತಿ ದಿಬ್ಬವನ್ನೂ ಹತ್ತಬೇಕು, ಮತ್ತು ದಣಿದ ಕಾಲಿಗೆ ಈ ಚಿಕ್ಕ ಏರುಗಳು ಘಾಟಿಗಿಂತ ಹೆಚ್ಚು ಬೇಸರ ತರುತ್ತವೆ. ಪುಣ್ಯಕ್ಕೆ ವಾಹನ ಕಡಿಮೆ, ಕಾಡು ದಟ್ಟ. ತೀರ್ಥಹಳ್ಳಿಯಲ್ಲಿ ತುಂಗೆಯ ದಡದಲ್ಲಿ ಕಾಲು ತೊಯ್ಸಿಕೊಂಡು, ರಾತ್ರಿ ಕಡುಬು ತಿಂದು ಮಲಗಿದೆವು.

ತೀರ್ಥಹಳ್ಳಿಯಿಂದ ಮೇಗರವಳ್ಳಿಯ ಮೇಲೆ ಆಗುಂಬೆಗೆ ಬರುವಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹಿಂದಿನ ಕೆಂಪು ದೀಪವನ್ನು ಆರಿಸಲೇ ಇಲ್ಲ. ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಘಾಟಿಯಲ್ಲಿ ಸೈಕಲ್ ಇಳಿಸುವ ಯೋಚನೆಯೇ ಬೇಡ. ರಸ್ತೆಯ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ, ಗುಡ್ಡ ಜರಿದು ಸಂಚಾರ ನಿಲ್ಲುವುದೂ ಉಂಟು. ಒಣ ತಿಂಗಳುಗಳಲ್ಲೂ ಸಂಜೆ ಇಳಿಯುವುದನ್ನು ನಾನು ಒಪ್ಪುವುದಿಲ್ಲ. ಸೂರ್ಯಾಸ್ತ ನೋಡಲು ಬಂದವರ ಕಾರುಗಳು ನೋಟದ ತಾಣದ ಸುತ್ತ ತಿರುವಿನಲ್ಲೇ ನಿಂತಿರುತ್ತವೆ, ಇಳಿಯುವವನ ಕಣ್ಣಿಗೆ ಬಿಸಿಲು ನೇರವಾಗಿ ಹೊಡೆಯುತ್ತದೆ. ನಾವು ಬೆಳಿಗ್ಗೆ ಬಂದಾಗ ಅಲ್ಲಿ ಮಂಗಗಳು ಮಾತ್ರ ಇದ್ದವು, ಮತ್ತು ಅವಕ್ಕೆ ನಮ್ಮ ಹ್ಯಾಂಡಲ್ ಚೀಲದ ಮೇಲೆ ಕಣ್ಣಿತ್ತು.

ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದ ಆಗುಂಬೆಯಿಂದ ಸೋಮೇಶ್ವರಕ್ಕೆ ಬೀಳುವ ಈ ಇಳಿಜಾರಿನಲ್ಲಿ ಕೌಶಲವೆಲ್ಲ ಬ್ರೇಕಿನದ್ದು. ಗೆಳೆಯನದ್ದು ಡಿಸ್ಕ್ ಬ್ರೇಕ್, ನನ್ನದು ಹಳೆಯ ಬಗೆಯ ರಿಮ್ ಬ್ರೇಕ್. ರಿಮ್ ಬ್ರೇಕನ್ನು ಹಿಡಿದೇ ಇಳಿದರೆ ಉಜ್ಜಾಟದ ಶಾಖವೆಲ್ಲ ರಿಮ್ಮಿಗೆ ಹೋಗುತ್ತದೆ, ರಿಮ್ಮಿನಿಂದ ಟ್ಯೂಬಿಗೆ, ಮತ್ತು ಬಿಸಿಯಾದ ಟ್ಯೂಬ್ ತಿರುವಿನ ನಡುವೆ ಒಡೆದರೆ ಸೈಕಲ್ ನಮ್ಮ ಮಾತು ಕೇಳುವುದಿಲ್ಲ. ಆದ್ದರಿಂದ ತಿರುವಿಗೆ ಮೊದಲು, ಸೈಕಲ್ ನೇರವಾಗಿರುವಾಗಲೇ ಎರಡೂ ಬ್ರೇಕನ್ನು ಬಲವಾಗಿ ಹಿಡಿದು ವೇಗ ಇಳಿಸಬೇಕು, ಬಿಡಬೇಕು, ತಿರುವನ್ನು ಬ್ರೇಕಿಲ್ಲದೆ ದಾಟಬೇಕು, ಮುಂದಿನ ನೇರ ತುಂಡಿನಲ್ಲಿ ರಿಮ್ಮಿಗೆ ಗಾಳಿ ತಾಗಲು ಬಿಡಬೇಕು. ಒಳಗಾಲು ಮೇಲೆ, ಹೊರಗಾಲು ಕೆಳಗೆ, ಭಾರವೆಲ್ಲ ಹೊರ ಪೆಡಲಿನ ಮೇಲೆ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವು ಮುಗಿಯುವ ಜಾಗದ ಮೇಲೆ. ಮಂಜಿನ ತೇವ ಆರದ ತಿರುವುಗಳಲ್ಲಿ ನಾನು ಓಡುವ ಮನುಷ್ಯನ ವೇಗಕ್ಕೆ ಇಳಿದಿದ್ದೆ. ನಡುವೆ ಎರಡು ಕಡೆ ಅಂಚಿಗೆ ನಿಂತು ರಿಮ್ಮಿನ ಹತ್ತಿರ ಕೈ ಒಡ್ಡಿ ನೋಡಿದೆ. ಬಿಸಿ ಇತ್ತು, ಆದರೆ ಹೆದರುವಷ್ಟಲ್ಲ. ಮೇಲೇರಿ ಬರುತ್ತಿದ್ದ ಮಿನಿ ಬಸ್ಸುಗಳು ಹೇರ್‌ಪಿನ್ನಿನಲ್ಲಿ ರಸ್ತೆಯ ಪೂರ್ತಿ ಅಗಲವನ್ನು ಬಳಸುವುದರಿಂದ ಅವು ತಿರುಗಿ ಮುಗಿಯುವವರೆಗೆ ಮೇಲೆಯೇ ಕಾದು ನಿಲ್ಲುವುದು ವಾಸಿ.

ಸೋಮೇಶ್ವರದಲ್ಲಿ ಜಾಕೆಟ್ ಬಿಚ್ಚುವ ಹೊತ್ತಿಗೆ ಸೆಖೆ ಮತ್ತೆ ಸುತ್ತಿಕೊಂಡಿತು. ಹೆಬ್ರಿಯವರೆಗೆ ಅಭಯಾರಣ್ಯದ ನೆರಳಿದೆ, ಅಲ್ಲಿಂದ ಪೆರ್ಡೂರಿನ ಕಡೆಗೆ ಬಿಸಿಲು. ಇಳಿದದ್ದಾಯಿತು ಎಂದು ಹಗುರಾದ ಮನಸ್ಸಿಗೆ ಪರ್ಕಳದಿಂದ ಮಣಿಪಾಲಕ್ಕೆ ಹತ್ತುವ ಏರು ಕೊನೆಯಲ್ಲಿ ಕಾದಿರುತ್ತದೆ. ದೊಡ್ಡದೇನಲ್ಲ, ಆದರೆ ಬರುವ ಹೊತ್ತು ಒಳ್ಳೆಯದಲ್ಲ. ಅಷ್ಟರಲ್ಲಿ ಹನ್ನೊಂದು ದಾಟಿರುತ್ತದೆ, ಕಡಲಗಾಳಿ ಎದುರಿನಿಂದ ಎದ್ದಿರುತ್ತದೆ. ಹೆಬ್ರಿಯಲ್ಲಿ ಎಳನೀರು ಕುಡಿದು, ಬಾಟಲಿಗಳನ್ನು ತುಂಬಿಸಿಕೊಂಡೇ ಮುಂದೆ ಹೊರಡಬೇಕು.

ಉಡುಪಿಗೆ ಬಂದ ದಿನವೇ, ಎಷ್ಟೇ ಸುಸ್ತಾಗಿದ್ದರೂ, ಸೈಕಲ್ಲನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಪಡುಕೆರೆಯ ಉಪ್ಪು ಒಂದೇ ರಾತ್ರಿಯಲ್ಲಿ ಚೈನಿಗೆ ಕಂದು ತುಕ್ಕು ಹಿಡಿಸುತ್ತದೆ. ಬೋಲ್ಟುಗಳ ತಲೆ, ಸ್ಪೋಕಿನ ನಿಪ್ಪಲ್, ಕೇಬಲ್ಲಿನ ತುದಿಗಳಲ್ಲಿ ಕೂತರೆ ನಿಧಾನವಾಗಿ ತಿನ್ನುತ್ತದೆ. ಜೋರಾದ ಪೈಪಿನ ನೀರು ಬೇಡ, ಅದು ಬೇರಿಂಗಿನ ಗ್ರೀಸಿನೊಳಗೆ ನುಗ್ಗುತ್ತದೆ. ಬಕೆಟ್ಟು, ಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಒಣಗಿಸಿ ಚೈನಿಗೆ ಎಣ್ಣೆ ಬಿಟ್ಟು, ಮೇಲಿನ ಎಣ್ಣೆಯನ್ನು ಒರೆಸಿದೆ. ಬ್ರೇಕ್ ಪ್ಯಾಡ್‌ಗಳನ್ನು ಕಳಚಿ ನೋಡಿದಾಗ ಮುಂದಿನ ಜೋಡಿ ಸವೆತದ ಗೆರೆಯ ಹತ್ತಿರ ಬಂದಿತ್ತು, ಆಗುಂಬೆಯ ಮರಳಿನ ಕಣಗಳು ಅದರೊಳಗೆ ಕೂತಿದ್ದವು. ಅವನ್ನು ಸೂಜಿಯಿಂದ ಕೆದಕಿ ತೆಗೆದರೆ ಇನ್ನೂ ಕೆಲವು ವಾರ ಓಡುತ್ತವೆ ಎಂದು ಗೆಳೆಯ ಹೇಳಿದ. ನಾನು ಹೊಸ ಜೋಡಿ ಹಾಕಿದೆ.